ಗಂಧದ ಮರದ ಒಳಗಿನ ಕಳ್ಳ



ರಾಜಾಜಿನಗರದಿಂದ ಯಶವಂತಪುರದ ಕಡೆಗೆ ಮೆಟ್ರೊ ರೈಲಿನಲ್ಲಿ ಹೋಗುವಾಗ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ಎಂಬ ನಿಲ್ದಾಣ ಬರುತ್ತದೆ. ಕೆಂಗೇರಿ, ವಿಜಯನಗರಗಳ ಕಡೆಯಿಂದ ಬರುವವರು ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ ಇಲ್ಲಿಗೆ ತಲುಪಬಹುದು. ಮೈಸೂರು ಸ್ಯಾಂಡಲ್ ಸಾಬೂನಿನ ಕಾರ್ಖಾನೆ ಕಬ್ಬನ್ ಪಾರ್ಕಿನ ಬಳಿಯಿಂದ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂದದ್ದು 1957ರಲ್ಲಿ. ಆ ಸಾಬೂನಿನ ಪರಿಮಳದ ಮೂಲ ಶ್ರೀಗಂಧದ ಮರದ ಚೇಗು. ಈ ಮರಕ್ಕೆ ಕಳ್ಳರ ಕಾಟ ಹೆಚ್ಚು ಎಂಬುದು ನಿಮಗೆ ಗೊತ್ತೇ ಇದೆ. ರಾತ್ರೋರಾತ್ರಿ ಗರಗಸ ತಂದು ಮರ ಕೊಯ್ದೊಯ್ದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ.

ಆದರೆ ಗರಗಸವಿಲ್ಲದ ಇನ್ನೊಬ್ಬ ಕಳ್ಳನೂ ಇದ್ದಾನೆ. ಅವನು ಮರದ ಒಳಗೇ ಕುಳಿತು, ಮರದ ಕೈಯಿಂದಲೇ ತನಗೆ ಬೇಕಾದ ಕೆಲಸ ಮಾಡಿಸಿಕೊಳ್ಳುತ್ತಾನೆ. ಅವನು ತರುವ ಬೇನೆಯ ಹೆಸರು ಸ್ಪೈಕ್ ರೋಗ. ಒಂದು ಗಿಡ ಮತ್ತು ಅದರ ರೋಗಾಣುವಿನ ನಡುವೆ ಅಣುಗಳ ಮಟ್ಟದಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ತಿಳಿಯಲು ನಮ್ಮ ನಾಡಿನ ಈ ರೋಗಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ತೆರೆಯ ಮೇಲಾದರೆ ಚಿತ್ರ ತೋರಿಸಿ ಹೇಳಬಹುದು. ಇಲ್ಲಿ ಮಾತೇ ಚಿತ್ರವಾಗಬೇಕು. ಆದ್ದರಿಂದ ಒಂದು ಹಾಳೆ, ಒಂದು ಪೆನ್ಸಿಲು ಪಕ್ಕದಲ್ಲಿಟ್ಟುಕೊಂಡು ಓದಿರಿ.

ಒಂದು ಹಳೆಯ ಪತ್ತೇದಾರಿ

ಸ್ಪೈಕ್ ರೋಗ ಮೊದಲು ವರದಿಯಾದದ್ದು ಕೊಡಗಿನಲ್ಲಿ, 1899ರಲ್ಲಿ. ರೋಗ ತಗುಲಿದ ಮರದ ಹೊಸ ಎಲೆಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತ ಹೋಗುತ್ತವೆ. ಗೆಣ್ಣುಗಳ ನಡುವಣ ಅಂತರ ಕುಗ್ಗುತ್ತದೆ. ಸಣ್ಣ, ಗಡುಸಾದ ಎಲೆಗಳು ಕೊಂಬೆಗೆ ನೇರಕೋನದಲ್ಲಿ ಒತ್ತೊತ್ತಾಗಿ ಎದ್ದು ನಿಲ್ಲುತ್ತವೆ. ಇಡೀ ಕೊಂಬೆ ಒಂದು ತೆನೆಯಂತೆ, ಬಾಟಲಿ ತೊಳೆಯುವ ಬ್ರಷ್ಷಿನಂತೆ ಕಾಣುತ್ತದೆ. ‘ಸ್ಪೈಕ್’ ಎಂಬ ಹೆಸರು ಬಂದದ್ದು ಹೀಗೆ. ಹೂವು, ಕಾಯಿ ನಿಲ್ಲುತ್ತವೆ. ಕೆಲವೊಮ್ಮೆ ಹೂವಿನ ಜಾಗದಲ್ಲಿ ಹಸಿರು ಎಲೆಯಂಥ ರಚನೆಗಳು ಮೂಡುತ್ತವೆ. ಎರಡು ಮೂರು ವರ್ಷಗಳಲ್ಲಿ ಮರ ಒಣಗಿ ಸಾಯುತ್ತದೆ. 1903ರಿಂದ 1916ರವರೆಗೆ ಕೊಡಗು ಮತ್ತು ಮೈಸೂರು ಸೀಮೆಗಳಲ್ಲಿ ಸುಮಾರು ಹತ್ತು ಲಕ್ಷ ಮರಗಳನ್ನು ತೆಗೆದುಹಾಕಬೇಕಾಯಿತೆಂಬ ಲೆಕ್ಕವಿದೆ.

ಕಾರಣವೇನು? ಬರ ಎಂದರು ಕೆಲವರು. ಕಾಡುಕಿಚ್ಚು ಎಂದರು ಮತ್ತೆ ಕೆಲವರು. ಲಂಟಾನ ಪೊದೆಯ ಮೇಲೂ ಸಂಶಯ ಬಂತು. ಆಗ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಕೈಗೆತ್ತಿಕೊಂಡರು. ಅಡಿಕೆಯ ಕೊಳೆರೋಗದ ಬಗ್ಗೆ ಕೆಲಸ ಮಾಡಿದ ಕೋಲ್ಮನ್ ಇವರೇ. ರೋಗದ ಮರದ ಕುಡಿಯನ್ನು ಆರೋಗ್ಯವಂತ ಮರಕ್ಕೆ ಕಸಿ ಕಟ್ಟಿದಾಗ ಆ ಮರಕ್ಕೂ ರೋಗ ಬಂತು. ಅಂದಮೇಲೆ ಇದು ಬರದ ದೋಷವಲ್ಲ. ಮರದಿಂದ ಮರಕ್ಕೆ ದಾಟುವ ಏನೋ ಒಂದು ಒಳಗಿದೆ ಎಂದಾಯಿತು. ಮುಂದೆ 1920 ಮತ್ತು 30ರ ದಶಕಗಳಲ್ಲಿ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಶ್ರೀನಿವಾಸಯ್ಯ ಮತ್ತು ಸಂಗಡಿಗರು ರೋಗಗ್ರಸ್ತ ಮರದ ರಸಾಯನಶಾಸ್ತ್ರವನ್ನು ವಿವರವಾಗಿ ಪರಿಶೀಲಿಸಿದರು.

ಆದರೂ ಅಪರಾಧಿ ಕಣ್ಣಿಗೆ ಬೀಳಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರವೂ ಇಲ್ಲ, ಬ್ಯಾಕ್ಟೀರಿಯವೂ ಇಲ್ಲ. ಹಾಗಾದರೆ ವೈರಸ್ಸೇ ಇರಬೇಕು ಎಂದು ಬಹುಕಾಲ ನಂಬಲಾಗಿತ್ತು. 1967ರಲ್ಲಿ ಜಪಾನಿನ ವಿಜ್ಞಾನಿಗಳು ಹಿಪ್ಪುನೇರಳೆಯ ಕುಬ್ಜ ರೋಗದ ಗಿಡಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೋಶಭಿತ್ತಿಯೇ ಇಲ್ಲದ ವಿಚಿತ್ರ ಬ್ಯಾಕ್ಟೀರಿಯಗಳು ಕಂಡವು. ಎರಡೇ ವರ್ಷಗಳಲ್ಲಿ, 1969ರಲ್ಲಿ, ಸ್ಪೈಕ್ ರೋಗದ ಶ್ರೀಗಂಧದಲ್ಲಿಯೂ ಅಂಥವೇ ಕಾಣಿಸಿಕೊಂಡವು. ಎಪ್ಪತ್ತು ವರ್ಷಗಳ ಹುಡುಕಾಟ ಹೀಗೆ ಮುಗಿಯಿತು. 1994ರಿಂದ ಇವಕ್ಕೆ ‘ಫೈಟೋಪ್ಲಾಸ್ಮಾ’ ಎಂಬ ಹೆಸರು ರೂಢಿಗೆ ಬಂದಿದೆ.

ಗಿಡಕ್ಕೂ ಕಾವಲುಗಾರರುಂಟು

ಈಗ ಒಂದು ಪ್ರಶ್ನೆ. ನಮ್ಮ ರಕ್ತದಲ್ಲಿ ರೋಗಾಣುಗಳ ಬೆನ್ನಟ್ಟಿ ಹೋಗುವ ಬಿಳಿ ರಕ್ತಕಣಗಳಿವೆ. ಗಿಡಕ್ಕೆ ರಕ್ತವೇ ಇಲ್ಲ. ಹಾಗಾದರೆ ಅದು ರೋಗಾಣುಗಳ ಎದುರು ನಿಲ್ಲುವುದು ಹೇಗೆ?

ಗಿಡದಲ್ಲಿ ಪ್ರತಿಯೊಂದು ಜೀವಕೋಶವೂ ತನ್ನ ಮನೆಯನ್ನು ತಾನೇ ಕಾಯುತ್ತದೆ. ಕೋಶದ ಹೊರಪೊರೆಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಇವು ಹೊರಗಿನವರನ್ನು ಗುರುತಿಸುವುದು ಅವರು ಬದಲಿಸಲಾಗದ ಕೆಲವು ಚಹರೆಗಳಿಂದ. ಶಿಲೀಂಧ್ರದ ಮೈಗೋಡೆಯಲ್ಲಿರುವ ಕೈಟಿನ್ ಅಂಥ ಒಂದು ಚಹರೆ. ಬ್ಯಾಕ್ಟೀರಿಯ ಈಜಲು ಬಳಸುವ ಬಾಲದ ಪ್ರೋಟೀನಾದ ಫ್ಲಾಜೆಲಿನ್ ಮತ್ತೊಂದು. ಫ್ಲಾಜೆಲಿನ್ನಿನ ಕೇವಲ 22 ಅಮೈನೋ ಆಮ್ಲಗಳ ಒಂದು ತುಣುಕು ಸಿಕ್ಕರೂ ಸಾಕು, ಗಿಡದ ಗ್ರಾಹಕ ಅದನ್ನು ಹಿಡಿದು ಒಳಗೆ ಸುದ್ದಿ ಮುಟ್ಟಿಸುತ್ತದೆ. ಕೋಶ ತನ್ನ ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತದೆ. ರೋಗಾಣುವಿಗೆ ಮಾರಕವಾದ ರಾಸಾಯನಿಕಗಳನ್ನು ಸ್ರವಿಸುತ್ತದೆ.

ರೋಗಾಣುವೂ ಸುಮ್ಮನಿರುವುದಿಲ್ಲ. ಭತ್ತದ ಬೆಂಕಿ ರೋಗವನ್ನು ನೋಡಿ; ನಮ್ಮ ರಾಗಿಯ ಬೆಂಕಿ ರೋಗ ತರುವುದೂ ಇದೇ ಬಳಗದ ಶಿಲೀಂಧ್ರ. ಅದು ಎಲೆಯ ಮೇಲೆ ಒಂದು ಗುಮ್ಮಟ ಕಟ್ಟಿ, ವಾತಾವರಣದ ಒತ್ತಡದ ಸುಮಾರು 80 ಪಟ್ಟು ಒತ್ತಡವನ್ನು ಅದರೊಳಗೆ ತುಂಬಿ, ಮೊಳೆ ಹೊಡೆದಂತೆ ಎಲೆಯೊಳಕ್ಕೆ ನುಗ್ಗುತ್ತದೆ. ನುಗ್ಗಿದ ಮೇಲೆ ‘ಎಫೆಕ್ಟರ್’ ಎನ್ನುವ ಪ್ರೋಟೀನುಗಳನ್ನು ಬಿಡುತ್ತದೆ. ಇವು ಗಿಡದ ಕಾವಲು ವ್ಯವಸ್ಥೆಯ ತಂತಿಗಳನ್ನು ಕತ್ತರಿಸುವ ಇಕ್ಕಳಗಳೆನ್ನಿ.

ಇದಕ್ಕೂ ಗಿಡದ ಬಳಿ ಉತ್ತರವಿದೆ. ಕೋಶದ ಒಳಗೆ ಎರಡನೆಯ ಸಾಲಿನ ಕಾವಲುಗಾರರಿದ್ದಾರೆ. ಒಂದೊಂದು ಕಾವಲು ಪ್ರೋಟೀನು ಒಂದೊಂದು ಎಫೆಕ್ಟರನ್ನು ಪತ್ತೆ ಹಚ್ಚಬಲ್ಲದು. ಪತ್ತೆಯಾದ ಕ್ಷಣ ದಾಳಿಗೆ ಸಿಕ್ಕ ಕೋಶ ತಾನೇ ಸತ್ತು, ರೋಗಾಣುವಿಗೆ ಮುಂದಿನ ದಾರಿ ಮುಚ್ಚುತ್ತದೆ. ಊರು ಉಳಿಯಲೆಂದು ಒಂದು ಮನೆಗೆ ಬೆಂಕಿ ಇಟ್ಟಂತೆ. ರೋಗಾಣುವಿನ ಒಂದು ಜೀನಿಗೆ ಗಿಡದಲ್ಲಿ ಎದುರಾಗಿ ಒಂದು ಜೀನು ಎಂಬ ಈ ತತ್ತ್ವವನ್ನು ಅಮೆರಿಕದ ಹೆರಾಲ್ಡ್ ಫ್ಲಾರ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ಅಗಸೆ ಗಿಡದ ತುಕ್ಕು ರೋಗದಲ್ಲಿ ಕಂಡುಕೊಂಡರು. ಗಿಡಗಳಲ್ಲಿ ಸಹಜವಾಗಿರುವ ನಿರೋಧ ಶಕ್ತಿಯನ್ನು ಆರಿಸಿ ಬೆಳೆಸುವುದೇ ತಳಿ ತಜ್ಞರ ಕೆಲಸ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬಂದ ಜಿಪಿಯು-28 ರಾಗಿ ಬೆಂಕಿ ರೋಗವನ್ನು ತಡೆದುಕೊಳ್ಳುವ ತಳಿಯೆಂದು ರೈತರಲ್ಲಿ ಹೆಸರಾಗಿದೆ.

ಗೋಡೆಯಿಲ್ಲದ ಜೀವಿ

ಇಷ್ಟೆಲ್ಲ ಕಾವಲಿದ್ದೂ ಶ್ರೀಗಂಧ ಫೈಟೋಪ್ಲಾಸ್ಮಾದ ಎದುರು ಸೋಲುವುದೇಕೆ? ಮೊದಲು ಈ ಜೀವಿಯನ್ನು ಪರಿಚಯ ಮಾಡಿಕೊಳ್ಳೋಣ.

ಫೈಟೋಪ್ಲಾಸ್ಮಾ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕದು. ಕೋಶಭಿತ್ತಿ ಇಲ್ಲ, ಈಜುವ ಬಾಲವೂ ಇಲ್ಲ. ಅಂದರೆ ಗಿಡದ ಹೊರ ಕಾವಲುಗಾರರು ಹುಡುಕುವ ಮುಖ್ಯ ಚಹರೆಗಳೇ ಅದರಲ್ಲಿಲ್ಲ. ಅದು ಬಾಗಿಲು ಮುರಿದು ಬರುವುದೂ ಇಲ್ಲ. ಜಿಗಿಹುಳು ಎಂಬ ಪುಟ್ಟ ಕೀಟ ತನ್ನ ಸೂಜಿಯಂಥ ಬಾಯನ್ನು ಎಲೆಯ ನಾಳಕ್ಕೆ ಚುಚ್ಚಿ ರಸ ಹೀರುತ್ತದೆಯಷ್ಟೆ. ಆ ಸೂಜಿಯ ಮೂಲಕ ಫೈಟೋಪ್ಲಾಸ್ಮಾ ನೇರವಾಗಿ ಎಲೆಯಿಂದ ಬೇರಿಗೆ ಸಕ್ಕರೆ ಸಾಗಿಸುವ ಫ್ಲೋಯಮ್ ನಾಳದೊಳಕ್ಕೆ ಇಳಿಯುತ್ತದೆ. ಮರದ ಉಗ್ರಾಣದ ಒಳಗೇ ತಂದು ಬಿಟ್ಟ ಹಾಗಾಯಿತು.

2004ರಲ್ಲಿ ಜಪಾನಿನಲ್ಲಿ ಈರುಳ್ಳಿಯ ಹಳದಿ ರೋಗ ತರುವ ಫೈಟೋಪ್ಲಾಸ್ಮಾದ ಡಿಎನ್ಎ ಪಾಠವನ್ನು ಪೂರ್ತಿಯಾಗಿ ಓದಲಾಯಿತು. ಅದರಲ್ಲಿದ್ದದ್ದು ಸುಮಾರು 8 ಲಕ್ಷದ 60 ಸಾವಿರ ಅಕ್ಷರಗಳು. ನಮ್ಮ ಕರುಳಿನಲ್ಲಿರುವ ಈ-ಕೋಲಿ ಬ್ಯಾಕ್ಟೀರಿಯದಲ್ಲಿ ಸುಮಾರು 46 ಲಕ್ಷ ಅಕ್ಷರಗಳಿವೆ. ಜೀವಕೋಶದ ಶಕ್ತಿ ನಾಣ್ಯವಾದ ಎಟಿಪಿಯನ್ನು ತಯಾರಿಸುವ ಮುಖ್ಯ ಯಂತ್ರದ ಜೀನುಗಳೂ ಅದರಲ್ಲಿರಲಿಲ್ಲ. ಬೇಕಾದದ್ದೆಲ್ಲ ಆಶ್ರಯದಾತನ ಮನೆಯಲ್ಲೇ ಸಿಗುವಾಗ ಸ್ವಂತ ಅಡಿಗೆಮನೆ ಏಕೆ? ಆದರೆ ಒಂದನ್ನು ಮಾತ್ರ ಅದು ಜೋಪಾನವಾಗಿ ಉಳಿಸಿಕೊಂಡಿದೆ. ಅದೇ ಪ್ರೋಟೀನುಗಳನ್ನು ಹೊರಕ್ಕೆ ತಳ್ಳುವ ಏರ್ಪಾಡು. ಕೋಶಭಿತ್ತಿ ಇಲ್ಲದ್ದರಿಂದ ಹೊರಕ್ಕೆ ತಳ್ಳಿದ ಪ್ರೋಟೀನು ನೇರವಾಗಿ ಗಿಡದ ರಸಕ್ಕೇ ಸೇರುತ್ತದೆ. ಬಹಳ ಚಿಕ್ಕದಾದ್ದರಿಂದ ನಾಳದ ಪಕ್ಕದ ಕೋಶಗಳಿಗೂ ನುಸುಳಿಹೋಗುತ್ತದೆ.

ಮೂರು ಪ್ರೋಟೀನುಗಳ ಕೆಲಸ

ಶ್ರೀಗಂಧದ ಸ್ಪೈಕ್ ರೋಗಾಣುವನ್ನು ಡಿಎನ್ಎ ಪರೀಕ್ಷೆಯಿಂದ ‘ಆಸ್ಟರ್ ಯೆಲ್ಲೋಸ್’ ಎಂಬ ಗುಂಪಿಗೆ ಸೇರಿದ್ದೆಂದು ಗುರುತಿಸಲಾಗಿದೆ. ಇದೇ ಗುಂಪಿನ ಇನ್ನೊಂದು ಫೈಟೋಪ್ಲಾಸ್ಮಾದ ಮೇಲೆ ಇಂಗ್ಲೆಂಡಿನ ಜಾನ್ ಇನ್ಸ್ ಕೇಂದ್ರದಲ್ಲಿ ಸಾಸ್ಕಿಯಾ ಹೋಗೆನ್‌ಹೌಟ್ ಅವರ ತಂಡ ಅನೇಕ ವರ್ಷ ಕೆಲಸ ಮಾಡಿದೆ. ಪ್ರಯೋಗಗಳು ನಡೆದದ್ದು ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಮೇಲೆ. ಶ್ರೀಗಂಧ ಬೆಳೆಯಲು ವರ್ಷಗಳು ಬೇಕು. ಇದು ಕೆಲವು ವಾರಗಳಲ್ಲೇ ಬೀಜ ಕೊಡುತ್ತದೆ. ಆ ತಂಡ ಬಿಡಿಸಿದ ಮೂರು ಪ್ರೋಟೀನುಗಳ ಕೆಲಸವನ್ನು ನೋಡೋಣ.

ಮೊದಲನೆಯದು ಸ್ಯಾಪ್-54. ಹೂವು ಎಂಬುದು ಬೇರೆ ರೂಪ ತಾಳಿದ ಎಲೆಗಳ ಗುಚ್ಛವೆಂದು ನೀವು ಜೀವಶಾಸ್ತ್ರದಲ್ಲಿ ಓದಿರಬಹುದು. ‘ನೀನು ದಳವಾಗು, ನೀನು ಕೇಸರವಾಗು’ ಎಂದು ಆಜ್ಞೆ ಕೊಡುವ ಪ್ರೋಟೀನುಗಳ ಒಂದು ಬಳಗ ಗಿಡದಲ್ಲಿದೆ. ಸ್ಯಾಪ್-54 ಈ ಆಜ್ಞಾಪಕರನ್ನು ಹಿಡಿದು ಕೋಶದ ಕಸದ ಯಂತ್ರಕ್ಕೆ ಒಪ್ಪಿಸುತ್ತದೆ. ಆಜ್ಞೆ ಕೊಡುವವರಿಲ್ಲದೆ ಹೂವಾಗಬೇಕಾದದ್ದು ಎಲೆಯಾಗಿಯೇ ಉಳಿಯುತ್ತದೆ. ಇಂಥ ಗಿಡಗಳ ಕಡೆಗೆ ಜಿಗಿಹುಳುಗಳು ಹೆಚ್ಚಾಗಿ ಬರುತ್ತವೆ ಎಂಬುದು 2014ರಲ್ಲಿ ಪ್ರಕಟವಾದ ಸಂಗತಿ.

ಎರಡನೆಯದು ಸ್ಯಾಪ್-11. ಇದು ಎಲೆಯ ಆಕಾರವನ್ನು ನಿಯಂತ್ರಿಸುವ ಪ್ರೋಟೀನುಗಳನ್ನು ಕೆಡಿಸುತ್ತದೆ. ಅದರಿಂದ ಇನ್ನೊಂದು ಪರಿಣಾಮವೂ ಉಂಟು. ಕೀಟ ಕಚ್ಚಿದಾಗ ಗಿಡ ಜಾಸ್ಮೋನಿಕ್ ಆಮ್ಲ ಎಂಬ ಹಾರ್ಮೋನನ್ನು ತಯಾರಿಸಿ ‘ಕಚ್ಚುತ್ತಿದ್ದಾರೆ, ಎಚ್ಚರ’ ಎಂದು ಸಾರುತ್ತದೆ. ಮಲ್ಲಿಗೆಯ ಪರಿಮಳದಲ್ಲಿರುವ ಒಂದು ವಸ್ತುವಿಗೆ ಇದು ಹತ್ತಿರದ ನೆಂಟ. ಸ್ಯಾಪ್-11 ಇರುವ ಗಿಡದಲ್ಲಿ ಈ ಹಾರ್ಮೋನು ತಗ್ಗುತ್ತದೆ. ಅಂಥ ಗಿಡದ ಮೇಲೆ ಜಿಗಿಹುಳುಗಳ ಸಂತಾನ ಹೆಚ್ಚುತ್ತದೆ.

ಮೂರನೆಯದು ಸ್ಯಾಪ್-05. ಇದರ ಕತೆ ಬೆಳಕಿಗೆ ಬಂದದ್ದು 2021ರಲ್ಲಿ. ಗಿಡ ಎಳೆತನದಿಂದ ಪ್ರಾಯಕ್ಕೆ ಬರಲು ಬೇಕಾದ ಪ್ರೋಟೀನುಗಳನ್ನು ಇದು ನಾಶ ಮಾಡುತ್ತದೆ. ಗಿಡ ಎಂದೆಂದಿಗೂ ಎಳೆಯದಾಗಿಯೇ ಉಳಿದು, ಪೊರಕೆಯಂತೆ ಕವಲೊಡೆಯುತ್ತ ಸಾಗುತ್ತದೆ.

ಮೂರನ್ನೂ ಒಟ್ಟಿಗೆ ನೋಡಿರಿ. ಹೂ ಬಿಡಬೇಡ, ಬೀಜ ಮಾಡಬೇಡ, ಎಳೆಯ ಚಿಗುರನ್ನೇ ಬೆಳೆಸು, ಜಿಗಿಹುಳು ಬಂದರೆ ಕೂಗಬೇಡ. ಗಿಡದ ದೇಹ ಗಿಡದ್ದೇ. ಆದರೆ ಅದು ದುಡಿಯುತ್ತಿರುವುದು ತನ್ನ ಸಂತಾನಕ್ಕಾಗಿ ಅಲ್ಲ, ರೋಗಾಣುವಿಗಾಗಿ ಮತ್ತು ಅದನ್ನು ಹೊತ್ತೊಯ್ಯುವ ಕೀಟಕ್ಕಾಗಿ.

ಎರಡೇ ಅಕ್ಷರಗಳ ವ್ಯತ್ಯಾಸ

ಇಲ್ಲೊಂದು ಸ್ವಾರಸ್ಯವಿದೆ. ಪ್ರತಿ ಕೋಶದಲ್ಲೂ ಹಳೆಯ ಪ್ರೋಟೀನುಗಳನ್ನು ಚೂರು ಮಾಡುವ ಪ್ರೋಟಿಯಾಸೋಮ್ ಎಂಬ ಯಂತ್ರವಿದೆ. ಮೇಲೆ ಹೇಳಿದ ಕಸದ ಯಂತ್ರ ಇದೇ. ಯಾವುದನ್ನು ಚೂರು ಮಾಡಬೇಕೋ ಅದಕ್ಕೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸುವುದು ಸಾಮಾನ್ಯ ಪದ್ಧತಿ. ಸ್ಯಾಪ್-05 ಈ ಚೀಟಿಯ ಗೋಜಿಗೇ ಹೋಗುವುದಿಲ್ಲ. ಒಂದು ಕೈಯಲ್ಲಿ ಬಲಿಯನ್ನು, ಇನ್ನೊಂದು ಕೈಯಲ್ಲಿ ಯಂತ್ರದ ಬಾಗಿಲಲ್ಲಿರುವ ಆರ್‌ಪಿಎನ್-10 ಎಂಬ ಪ್ರೋಟೀನನ್ನು ಹಿಡಿದು, ನೇರವಾಗಿ ಒಳಕ್ಕೆ ನೂಕುತ್ತದೆ. ನಿಮ್ಮ ಹಾಳೆಯಲ್ಲಿ ಈ ಮೂರನ್ನು ಮೂರು ವೃತ್ತಗಳಾಗಿ ಬರೆದು, ನಡುವೆ ಸ್ಯಾಪ್-05 ಇಟ್ಟು ನೋಡಿರಿ, ಅರ್ಥವಾಗುತ್ತದೆ.

ಆದರೆ ಫೈಟೋಪ್ಲಾಸ್ಮಾ ಕೀಟದ ದೇಹದಲ್ಲಿಯೂ ಬದುಕಬೇಕು. ಕೀಟದ ಕೋಶಗಳಲ್ಲಿಯೂ ಇದೇ ಯಂತ್ರ, ಇದೇ ಆರ್‌ಪಿಎನ್-10 ಇವೆ. ಅಲ್ಲಿ ಈ ಹಾವಳಿ ನಡೆಯದಿರುವುದು ಹೇಗೆ? ಗಿಡದ ಆರ್‌ಪಿಎನ್-10ರ ಹಿಡಿಕೆಯ ಜಾಗದಲ್ಲಿ ಕೀಟದಲ್ಲಿ ಎರಡು ಅಮೈನೋ ಆಮ್ಲಗಳು ಬೇರೆ. ಅಷ್ಟರಿಂದಲೇ ಸ್ಯಾಪ್-05ರ ಹಿಡಿತ ತಪ್ಪುತ್ತದೆ. ವಿಜ್ಞಾನಿಗಳು ಅರಾಬಿಡಾಪ್ಸಿಸ್ ಗಿಡದಲ್ಲಿ ಆ ಎರಡನ್ನು ಮಾತ್ರ ಕೀಟದಲ್ಲಿರುವಂತೆ ಬದಲಿಸಿದರು. ಗಿಡ ಪೊರಕೆಯಾಗಲಿಲ್ಲ. ಎರಡು ಅಕ್ಷರ ತಿದ್ದಿದ್ದರಿಂದ ಒಂದು ಗಿಡ ರೋಗಾಣುವಿನ ಆಜ್ಞೆಗೆ ಕಿವುಡಾಯಿತು.

ಮರ ಸಾಯುವುದೇಕೆ?

ಸದಾ ಎಳೆಯದಾಗಿರುವ ಮರ ಬದುಕಬೇಕಲ್ಲವೆ? ಸಾಯುವುದೇಕೆ? ಇದಕ್ಕೆ ಉತ್ತರ ಶ್ರೀಗಂಧದ ಬೇರಿನಲ್ಲಿದೆ. ಶ್ರೀಗಂಧ ಅರೆ ಪರಾವಲಂಬಿ. ಎಲೆಯಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ ನೀರು, ಲವಣಗಳ ಬಹುಪಾಲನ್ನು ನೆರೆಯ ಗಿಡಗಳ ಬೇರುಗಳಿಗೆ ಹೀರುಬೇರುಗಳನ್ನು ಚುಚ್ಚಿ ಪಡೆಯುತ್ತದೆ. ಸ್ಪೈಕ್ ರೋಗದಲ್ಲಿ ಸಕ್ಕರೆ ಸಾಗಿಸುವ ನಾಳ ಕೆಡುತ್ತದೆ. ಎಲೆಗಳಲ್ಲಿ ಪಿಷ್ಟ ರಾಶಿಬೀಳುತ್ತದೆ, ಬೇರುಗಳು ಉಪವಾಸ ಬೀಳುತ್ತವೆ. ಹೀರುಬೇರುಗಳು ಸಾಯುತ್ತವೆ. ನೆರೆಯವರ ಕೈ ಬಿಟ್ಟುಹೋದ ಮರ ನಿಂತಲ್ಲೇ ಒಣಗುತ್ತದೆ. ಸಾಯುವಷ್ಟರಲ್ಲಿ ಜಿಗಿಹುಳುಗಳು ರೋಗಾಣುವನ್ನು ಪಕ್ಕದ ಮರಕ್ಕೆ ದಾಟಿಸಿರುತ್ತವೆ.

ಇದಕ್ಕೆ ಔಷಧಿ ಇಲ್ಲವೆ? ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ಕನ್ನು ಕಾಂಡಕ್ಕೆ ಕೊಟ್ಟಾಗ ಮರ ಕೆಲವು ತಿಂಗಳು ಚೇತರಿಸಿಕೊಳ್ಳುತ್ತದೆ, ಮತ್ತೆ ರೋಗ ಮರುಕಳಿಸುತ್ತದೆ. ಪೆನಿಸಿಲಿನ್ ಕೊಟ್ಟರೆ ಏನೂ ಪ್ರಯೋಜನವಿಲ್ಲ. ಏಕೆಂದು ಯೋಚಿಸಿರಿ. ಪೆನಿಸಿಲಿನ್ ತಡೆಯುವುದು ಬ್ಯಾಕ್ಟೀರಿಯ ಕೋಶಭಿತ್ತಿ ಕಟ್ಟುವುದನ್ನು. ಭಿತ್ತಿಯೇ ಇಲ್ಲದವನಿಗೆ ಆ ಏಟು ತಗಲುವುದಾದರೂ ಎಲ್ಲಿ? ಟೆಟ್ರಾಸೈಕ್ಲಿನ್ ಪ್ರೋಟೀನು ತಯಾರಿಕೆಯನ್ನೇ ತಡೆಯುತ್ತದೆ. ಆದರೆ ಕಾಡಿನ ಸಾವಿರಾರು ಮರಗಳಿಗೆ ವರ್ಷವರ್ಷವೂ ಆಂಟಿಬಯೋಟಿಕ್ ಚುಚ್ಚುವುದು ಆಗದ ಮಾತು. ಮಣ್ಣಿನ ಇತರ ಜೀವಿಗಳಿಗೆ ಅದು ಒಳ್ಳೆಯದೂ ಅಲ್ಲ.

ನಮ್ಮ ಕೈಯಲ್ಲಿರುವುದು

ಹಿಂದೆ ಶ್ರೀಗಂಧ ಯಾರ ಜಮೀನಿನಲ್ಲಿ ಬೆಳೆದರೂ ಸರ್ಕಾರದ ಸ್ವತ್ತಾಗಿತ್ತು. 2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಜಮೀನಿನ ಒಡೆಯನೇ ಮರದ ಒಡೆಯನೂ ಆಗಿದ್ದಾನೆ. ಹೀಗಾಗಿ ರೈತರು ಹೊಲಗಳಲ್ಲಿ ಗಂಧ ನೆಡುತ್ತಿದ್ದಾರೆ. ಚೇಗು ಕಟ್ಟಲು ಹತ್ತು ಹದಿನೈದು ವರ್ಷಗಳಾದರೂ ಬೇಕು. ಮಗಳ ಕಾಲೇಜಿಗೆ, ಮಗನ ಮದುವೆಗೆ ಆದೀತೆಂದು ನೆಟ್ಟ ಮರವನ್ನು ಹನ್ನೆರಡನೆಯ ವರ್ಷದಲ್ಲಿ ಸ್ಪೈಕ್ ರೋಗ ಹಿಡಿದರೆ ಆ ಮನೆಯ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ. ಅಕ್ಕಪಕ್ಕದ ಹೊಲದವರಿಗೂ ಅಪಾಯ ತಪ್ಪಿದ್ದಲ್ಲ.

ಸದ್ಯಕ್ಕೆ ಕೈಯಲ್ಲಿರುವ ಉಪಾಯಗಳು ಹಳೆಯವೇ. ಆರೋಗ್ಯವಂತ ಸಸಿಯನ್ನೇ ನೆಡಬೇಕು. ರೋಗದ ಮರವನ್ನು ಬೇಗ ಗುರುತಿಸಿ ಬೇರುಸಹಿತ ತೆಗೆಯಬೇಕು. ಗುರುತಿಸುವುದರಲ್ಲಿ ಮಾತ್ರ ಹೊಸ ವಿಜ್ಞಾನದ ನೆರವಿದೆ: ಹೊರಗೆ ಲಕ್ಷಣ ಕಾಣುವ ಮೊದಲೇ ಎಲೆಯ ಚೂರಿನಿಂದ ರೋಗಾಣುವಿನ ಡಿಎನ್ಎಯನ್ನು ಪಿಸಿಆರ್ ವಿಧಾನದಲ್ಲಿ ಪತ್ತೆ ಹಚ್ಚಬಹುದು. ಸೋಪ್ ಫ್ಯಾಕ್ಟರಿಗೆ ಅನತಿ ದೂರದಲ್ಲಿ, ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಶ್ರೀಗಂಧದ ಸಂಶೋಧನೆಯ ದೊಡ್ಡ ಕೇಂದ್ರ. ಆರ್‌ಪಿಎನ್-10ರ ಎರಡು ಅಕ್ಷರಗಳ ಕತೆ ಶ್ರೀಗಂಧದ ತನಕ ಬರಲು ಬಹುದೂರ ಸಾಗಬೇಕು. ಆ ದೂರವನ್ನು ನಡೆಯುವವರು ಈಗ ನಿಮ್ಮ ತರಗತಿಯಲ್ಲೇ ಕುಳಿತಿರಬಹುದು.

ನೀವೇ ನೋಡಿರಿ

ಈ ಕಳ್ಳನ ಕೈಚಳಕ ನೋಡಲು ಕಾಡಿಗೇ ಹೋಗಬೇಕಾಗಿಲ್ಲ. ಫೈಟೋಪ್ಲಾಸ್ಮಾಗಳು ಬದನೆಗೂ ಎಳ್ಳಿಗೂ ಮನೆಯಂಗಳದ ಸದಾಪುಷ್ಪಕ್ಕೂ ಬರುತ್ತವೆ. ಬಸವೇಶ್ವರನಗರದ ಮನೆಯ ತಾರಸಿಯ ಕುಂಡವಾಗಲಿ, ಕೆಂಗೇರಿಯಾಚೆಯ ಬದನೆ ಹೊಲವಾಗಲಿ, ಒಮ್ಮೆ ಗಮನವಿಟ್ಟು ನೋಡಿರಿ. ಬದನೆ ಗಿಡದಲ್ಲಿ ಕಾಯಿಯಿಲ್ಲದೆ ಉಗುರಿನಷ್ಟು ಚಿಕ್ಕ ಎಲೆಗಳು ಪೊದೆಯಂತೆ ತುಂಬಿವೆಯೆ? ಸದಾಪುಷ್ಪದ ಹೂಗಳು ಬಣ್ಣ ಕಳೆದುಕೊಂಡು ಹಸಿರಾಗಿವೆಯೆ? ಹಾಗಿದ್ದರೆ ಅದರ ಪಕ್ಕದಲ್ಲಿ ಆರೋಗ್ಯವಂತ ಗಿಡದ ಒಂದು ಕುಡಿಯನ್ನು ಹಿಡಿದು, ಎಲೆಯ ಉದ್ದ, ಗೆಣ್ಣುಗಳ ನಡುವಣ ಅಂತರ ಎರಡನ್ನೂ ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳಿರಿ. ಅನಂತರ ರೋಗದ ಗಿಡವನ್ನು ಕಿತ್ತುಹಾಕಿರಿ. ಅದರ ಕಡ್ಡಿಯನ್ನು ಚಂದವಿದೆಯೆಂದು ಬೇರೆ ಕುಂಡಕ್ಕೆ ನೆಡಬೇಡಿರಿ, ಗೆಳೆಯರಿಗೂ ಕೊಡಬೇಡಿರಿ.

ಮುಂದಿನ ಸಲ ಆ ಮೆಟ್ರೊ ನಿಲ್ದಾಣದಲ್ಲಿ ಬಾಗಿಲು ತೆರೆದಾಗ, ಸಾಬೂನಿನ ಹಿಂದಿರುವ ಆ ಮರವನ್ನೂ ಅದರೊಳಗೆ ಸದ್ದಿಲ್ಲದೆ ನಡೆಯುವ ಈ ಜಗಳವನ್ನೂ ಒಂದು ಕ್ಷಣ ನೆನೆಯಿರಿ.